ವಿಳಾಸ ಹೊಲಿಸಿಕೊಂಡ ಪೋಸ್ಟಮನ್

ಹನಮಂತಪ್ಪನವರು ನಮ್ಮ ಮನೆಗೆ ಮೊದಲ ಸಲ ಬಂದದ್ದು ೨೦೦೩ರ ಜುಲೈ ತಿಂಗಳ ಒಂದು ಸಂಜೆ, ನಾಲ್ಕು ಗಂಟೆಗೆ. ಬಂದರು ಅನ್ನುವುದಕ್ಕಿಂತ ನುಗ್ಗಿದರು ಅನ್ನಬೇಕು. ಗೇಟು ತೆಗೆದರು, ಚಪ್ಪಲಿ ಬಿಟ್ಟರು, ಪಡಸಾಲೆಯ ಕುರ್ಚಿಯಲ್ಲಿ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಸುಮಾ, ಚಾ ಮಾಡವಾ. ಸಕ್ಕರಿ ಸ್ವಲ್ಪ ಕಮ್ಮಿ ಹಾಕು," ಎಂದು ಒಳಗೆ ಕೂಗಿದರು.

ನಮ್ಮ ಮನೆಯಲ್ಲಿ ಸುಮಾ ಎನ್ನುವವರು ಯಾರೂ ಇಲ್ಲ. ನಾನು ಅದೇ ಪಡಸಾಲೆಯ ಇನ್ನೊಂದು ಕುರ್ಚಿಯಲ್ಲಿ ಬನಿಯನ್ನಿನಲ್ಲೇ ಕೂತು ಒಂಬತ್ತನೇ ಇಯತ್ತೆಯ ವಿಜ್ಞಾನದ ಪೇಪರು ತಿದ್ದುತ್ತಿದ್ದೆ. ಅವರು ನನ್ನನ್ನು ನೋಡಿದರು. ಮಗನ ಗೆಳೆಯ ಯಾರೋ ಇರಬೇಕೆಂದುಕೊಂಡು, "ಹೂಂ, ಬರ್ಕೋರಿ, ಬರ್ಕೋರಿ," ಎಂದು ಅಪ್ಪಣೆಯನ್ನೂ ಕೊಟ್ಟರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಯಾರಯ್ಯಾ ನೀನು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಮಹೇಶ್ವರಿ ಚಹಾ ತಂದಿಟ್ಟಳು. ಅವಳು ಇಳಕಲ್ಲಿನ ನೇಕಾರರ ಮನೆಯ ಮಗಳು. ಆ ಮನೆಯಲ್ಲಿ ಬಂದು ಕೂತವರಿಗೆ ಮೊದಲು ಚಹಾ, ಯಾರು ಏನು ಎಂಬುದೆಲ್ಲ ಆಮೇಲೆ. ಹನಮಂತಪ್ಪನವರು ಅರ್ಧ ಕಪ್ಪು ಕುಡಿದು ಗೋಡೆಯ ಕಡೆ ನೋಡಿ, "ಈ ಫೋಟೋ ಯಾವಾಗ ಹಾಕಿದ್ರಿ?" ಎಂದು ಕೇಳಿದರು.

"ಹದಿನಾಲ್ಕು ವರ್ಷದ ಹಿಂದ. ಅದು ನಮ್ಮ ಲಗ್ನದ ಫೋಟೋ," ಎಂದೆ.

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಕಪ್ಪು ನೋಡಿದರು. ಮುಖ ಇಷ್ಟಾಯಿತು. ಆದರೂ ಉಳಿದ ಚಹಾ ಮುಗಿಸಿಯೇ ಎದ್ದರು. "ತಪ್ಪಾತ್ರಿ ಮಾಸ್ತರ. ಕಾಲು ಕರಕೊಂಡ ಬಂದ್ವು," ಎಂದು ಕೈಮುಗಿದು ಹೋದರು. ಗೇಟಿನ ಹೊರಗೆ ನಿಂತು ಎಡಕ್ಕೋ ಬಲಕ್ಕೋ ಎಂದು ಅವರು ಬಹಳ ಹೊತ್ತು ಯೋಚಿಸಿದ್ದನ್ನು ನಾನು ಕಿಟಕಿಯಿಂದ ನೋಡಿ ನಕ್ಕೆ. ಆಗ ನಗು ಬಂದದ್ದು ಖರೆ, ಮುಚ್ಚಿಡುವುದಿಲ್ಲ.

ಅವರ ತಪ್ಪೂ ಅಲ್ಲ. ಹಳೇ ಬಾಗಲಕೋಟೆಗೆ ಹಿನ್ನೀರು ಬರುತ್ತದೆಂದು ಊರನ್ನು ಕಿತ್ತು ನವನಗರಕ್ಕೆ ತಂದಿಟ್ಟ ಕಾಲ ಅದು. ಓಣಿಗೆ ಹೆಸರಿಲ್ಲ, ಸೆಕ್ಟರಿಗೆ ನಂಬರು. ಒಂದೇ ಅಳತೆಯ ಮನೆ, ಒಂದೇ ನಮೂನೆಯ ಗೇಟು, ಗೇಟಿಗೆ ಒಂದೇ ನೀಲಿ ಬಣ್ಣ. ಗುರುತಿಗೆ ಒಂದು ದೊಡ್ಡ ಗಿಡವಾದರೂ ಬೇಡವೇ? ನೆಟ್ಟ ಸಸಿಗಳು ಇನ್ನೂ ಮೊಳಕಾಲಿನವರೆಗೆ ಬಂದಿರಲಿಲ್ಲ. ನಾನು ಹುನಗುಂದದಿಂದ ವರ್ಗವಾಗಿ ಬಂದವನು. ಮನೆಯಿಂದ ಶಾಲೆ, ಶಾಲೆಯಿಂದ ಮನೆ, ಇಷ್ಟು ಬಿಟ್ಟು ಬೇರೆ ಕಡೆ ಕಾಲಿಡುತ್ತಿರಲಿಲ್ಲ. ಹಾಗಾಗಿ ನನಗೆ ದಾರಿ ಚೆನ್ನಾಗಿ ಗೊತ್ತಿದೆ ಎಂದೇ ತಿಳಿದುಕೊಂಡಿದ್ದೆ.

ಹನಮಂತಪ್ಪನವರು ಹಳೇ ಊರಿನಲ್ಲಿ ಮೂವತ್ತೆರಡು ವರ್ಷ ಪೋಸ್ಟಮನ್ ಆಗಿದ್ದರು. 'ಕಿಲ್ಲಾದೊಳಗಿನ ಸಣ್ಣ ಸಂಗವ್ವನಿಗೆ' ಎಂದಷ್ಟೇ ಬರೆದ ಕಾಗದವನ್ನು ಮೂವರು ಸಂಗವ್ವರ ನಡುವೆ ಸರಿಯಾದ ಸಂಗವ್ವನಿಗೆ ಮುಟ್ಟಿಸಿದ ಮನುಷ್ಯ. ಕೆಲಸ ಮುಗಿಸಿ ದಿನಾ ನಾಲ್ಕಕ್ಕೆ ಮನೆಗೆ ಬರುತ್ತಿದ್ದರು: ಬಸ್ಸು ನಿಲ್ಲುವಲ್ಲಿಂದ ನೆಟ್ಟಗೆ ಮುನ್ನೂರು ಹೆಜ್ಜೆ, ಎಡಕ್ಕೆ ತಿರುಗಿ ನೂರಿಪ್ಪತ್ತು, ಬಲಗಡೆ ಮೂರನೇ ಬಾಗಿಲು. ಅಲ್ಲಿ ಅವರ ಹೆಂಡತಿ ಗುರುಸಿದ್ದವ್ವ ಚಹಾಕ್ಕೆ ಇಟ್ಟಿರುತ್ತಿದ್ದಳು. ಆಕೆ ಊರು ಬಿಡುವ ಮುಂಚಿನ ವರ್ಷ ಅದೇ ಮನೆಯಲ್ಲಿ ತೀರಿಕೊಂಡಳು. ಇವರು ನಿವೃತ್ತರಾಗಿ ನವನಗರಕ್ಕೆ ಬಂದರು, ಕಾಲುಗಳು ಮಾತ್ರ ಹಳೇ ಲೆಕ್ಕವನ್ನೇ ತಂದವು. ಇಲ್ಲಿಯ ಬಸ್ ಸ್ಟಾಪಿನಿಂದ ಮುನ್ನೂರು, ಎಡಕ್ಕೆ ನೂರಿಪ್ಪತ್ತು, ಬಲಗಡೆ ಮೂರನೇ ಗೇಟು ಎಂದರೆ ನಮ್ಮ ಮನೆ. ಅವರ ಮಗನ ಮನೆ ಇದ್ದದ್ದು ಎರಡು ಸಾಲು ಹಿಂದೆ.

ಜುಲೈ ತಿಂಗಳಲ್ಲಿ ನಾಲ್ಕು ಸಲ ಬಂದರು. ನಾಲ್ಕು ಸಲವೂ ಚಹಾ ಕುಡಿದ ಮೇಲೇ ಅವರಿಗೆ ಫೋಟೋ ಕಾಣುತ್ತಿತ್ತು. ಐದನೆಯ ಸಲ ನಮ್ಮಲ್ಲಿಗೂ ಬರಲಿಲ್ಲ, ಅವರ ಮನೆಗೂ ಹೋಗಲಿಲ್ಲ. ಎಲ್ಲೋ ಊರ ಅಂಚಿನ ಸೆಕ್ಟರಿನಲ್ಲಿ ಹಾಲಿನ ಗಾಡಿಯವನ ಕಣ್ಣಿಗೆ ಬಿದ್ದು, ಕ್ಯಾನುಗಳ ನಡುವೆ ಕೂತು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರು. ಮಗ ಬಸು ಅಂದೇ ತೀರ್ಮಾನ ಮಾಡಿದ. ಸೊಸೆ ಸುಮಾ ಮಾವನ ಆರು ಅಂಗಿಗಳ ಒಳಗೂ ಒಂದೊಂದು ಬಿಳಿ ಬಟ್ಟೆಯ ತುಂಡು ಹೊಲಿದಳು. ಅದರ ಮೇಲೆ ಬಟ್ಟೆಗೆ ಗುರುತು ಹಾಕುವ ಶಾಯಿಯಲ್ಲಿ ಹೆಸರು, ಸೆಕ್ಟರು, ಮನೆ ನಂಬರು, ಕೆಳಗೆ 'ಸಿಕ್ಕವರು ದಯವಿಟ್ಟು ಮನೆಗೆ ಮುಟ್ಟಿಸಿರಿ.' ಮನೆಯಲ್ಲಿ ಹೇಳದೆ ಒಬ್ಬರೇ ಹೊರಗೆ ಹೋಗಬಾರದು ಎಂಬ ಕಟ್ಟಪ್ಪಣೆ ಬೇರೆ. ತುಳಸಿ ಲಗ್ನದವರೆಗೆ ನೋಡುತ್ತೇನೆ, ಅಷ್ಟರಲ್ಲಿ ಒಂದು ದಿನವಾದರೂ ಒಬ್ಬನೇ ಊರು ಸುತ್ತಿ ನೆಟ್ಟಗೆ ಮನೆಗೆ ಬಂದರೆ ಸರಿ, ಇಲ್ಲದಿದ್ದರೆ ಗೇಟಿಗೆ ಕೀಲಿ ಎಂದ ಬಸು. ಅವನು ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ.

ಮರುದಿನ ಸುಮಾ ಮಾವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. "ಅಕ್ಕಾರ, ನಾಕರಿಂದ ಆರರತನಕ ಇಲ್ಲೇ ಕೂಡ್ತಾರಂತ್ರಿ. ನಿಮ್ಮ ಚಾ ರೂಢಿ ಆಗೇತಿ," ಎಂದು ಮಹೇಶ್ವರಿಗೆ ಒಪ್ಪಿಸಿ ಹೋದಳು. ಹನಮಂತಪ್ಪನವರು ಅಂಗಿಯ ಗುಂಡಿ ಬಿಚ್ಚಿ ಆ ತುಂಡು ತೋರಿಸಿದರು.

"ನೋಡ್ರಿ ಮಾಸ್ತರ. ಮೂವತ್ತೆರಡು ವರ್ಷ ಟಪಾಲ ಹಂಚಿದೆ. ಈಗ ನಾನ ಟಪಾಲ ಆಗೇನಿ. ಅದೂ ಸ್ಟಾಂಪ್ ಇಲ್ದ."

ನಾನು ಗಟ್ಟಿಯಾಗಿ ನಕ್ಕೆ. ನಗುತ್ತ ತಲೆ ಎತ್ತಿದರೆ ಅವರ ಕಣ್ಣು ತುಂಬಿದ್ದವು. ಆವತ್ತು ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಯಾವ ಹುಡುಗನ ಉತ್ತರಪತ್ರಿಕೆ ನೋಡಿದಾಗಲೂ ಬಂದಿಲ್ಲ.

ನಮ್ಮ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟು, ಅದರಲ್ಲಿ ಪೊದೆಯಾಗಿ ಬೆಳೆದ ಒಂದು ಜಾಲಿಕಂಟಿ. ಆ ಕಂಟಿಯಲ್ಲಿ ಮಣ್ಣುಬಣ್ಣದ ಏಳೆಂಟು ಹಕ್ಕಿಗಳ ಸಂಸಾರ. ಪುಸ್ತಕದಲ್ಲಿ ಇವಕ್ಕೆ ಹರಟೆಮಲ್ಲ ಎಂಬ ಹೆಸರಿದೆ, ತಕ್ಕ ಹೆಸರು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮನೆ ಜಗಳ. ಆಗಸ್ಟ್ ಕೊನೆಗೆ ಹನಮಂತಪ್ಪನವರು ಕಿಟಕಿಯಿಂದ ನೋಡುತ್ತ ನೋಡುತ್ತ, "ಮಾಸ್ತರ, ಆ ಮರಿ ಅವ್ವನ್ನ ಹೋಲೂದಿಲ್ಲಲ್ಲ?" ಎಂದರು. ನಿಜ. ಕಂದು ಬೆನ್ನು, ಮಾಸಲು ಬಿಳಿ ಹೊಟ್ಟೆ, ತಲೆಯ ಮೇಲೆ ಇನ್ನೂ ಸರಿಯಾಗಿ ನಿಲ್ಲದ ಜುಟ್ಟು. ಬಾಯಿ ಮಾತ್ರ ಮುಚ್ಚಿದ್ದೇ ಇಲ್ಲ.

"ಅದು ಚಾತಕದ ಮರಿ. ಚಾತಕ ಗೂಡು ಕಟ್ಟೂದಿಲ್ಲ. ಇವುಗಳ ಗೂಡಿನ್ಯಾಗ ತತ್ತಿ ಇಟ್ಟು ಹೋಗತೈತಿ."

"ಮಳಿ ನೀರ ಅಷ್ಟ ಕುಡೀತೈತಿ ಅಂತಾರಲ್ಲ, ಆ ಚಾತಕ?"

"ಹಂಗ ಕವಿಗಳು ಅಂತಾರ. ಇದು ಕಂಬಳಿಹುಳ ತಿಂತೈತಿ."

ಅವರಿಗೆ ಸ್ವಲ್ಪ ನಿರಾಸೆಯಾಯಿತು. ನಾನು ಬಿಡದೆ ಪಾಠ ಮುಂದುವರಿಸಿದೆ. ಇದರ ಹೆತ್ತವರು ಮಳೆಯ ಜೊತೆಗೆ ಬಂದವರು. ಇನ್ನು ಸ್ವಲ್ಪ ದಿನದಲ್ಲಿ ಮರಿಯ ಮುಖ ಕೂಡ ನೋಡದೆ ಹೊರಟುಹೋಗುತ್ತಾರೆ. ಸಮುದ್ರ ದಾಟಿ ಆಫ್ರಿಕಾದ ಕಡೆಗೆ ಎಂದು ಹಕ್ಕಿ ಬಲ್ಲವರು ಹೇಳುತ್ತಾರೆ. ಮರಿ ಅದಾದ ಮೇಲೆ ಒಂದು ದಿನ ತಾನೊಂದೇ ಹೊರಡುತ್ತದೆ.

"ದಾರಿ ಯಾರ ತೋರಸ್ತಾರ?"

"ಯಾರೂ ಇಲ್ಲ."

"ಈ ಸಾಕಿದವ್ರು?"

"ಇವು ಈ ಕಂಟಿ ಬಿಟ್ಟು ಆ ಕಂಟಿಗೆ ಹೋಗೂದ ದೊಡ್ಡದು."

"ಮಾಸ್ತರ," ಎಂದರು ಅವರು ಗಂಭೀರವಾಗಿ, "ವಿಜ್ಞಾನ ಅಂತ ಹೇಳಿ ಏನ ಬೇಕಾದ್ದ ಹೇಳಬ್ಯಾಡ್ರಿ."

ಮರುದಿನದಿಂದ ಅವರು ಆ ಮರಿಗೆ ದಾರಿ ಹೇಳಿಕೊಡಲು ನಿಂತರು. ಚಹಾ ಮುಗಿಸಿ ಕಂಪೌಂಡಿನ ಬಳಿ ಹೋಗುವುದು, ಪಶ್ಚಿಮಕ್ಕೆ ಕೈ ತೋರಿಸುವುದು. "ಆ ಕಡೆ ನೋಡಪಾ. ಬದಾಮಿ ಗುಡ್ಡದ ಕಡೆ ಹೋಗಬ್ಯಾಡ, ಅಲ್ಲಿ ಮಂಗ್ಯಾ ಭಾಳ. ಸೂರ್ಯಾ ಮುಳಗೂ ಕಡೆ ಹೋಗು. ಸಮುದ್ರ ಬಂದ್ರ ಅಂಜಬ್ಯಾಡ." ಮರಿ ಬಾಯಿ ತೆರೆದು ಕೇಳುತ್ತಿತ್ತು, ಏಕೆಂದರೆ ಅದು ಯಾವಾಗಲೂ ಬಾಯಿ ತೆರೆದೇ ಇರುತ್ತಿತ್ತು. ಬದಿಯ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿಗಳು ಕೆಲಸ ಬಿಟ್ಟು ನೋಡುತ್ತಿದ್ದರು.

ಒಂದು ವಾರ ತಡೆದುಕೊಂಡೆ. ಎಂಟನೆಯ ದಿನ ರೇಗಿದೆ. "ಅದಕ್ಕ ನೀವು ಹೇಳೂದು ಬೇಕಾಗಿಲ್ರಿ! ಯಾವ ದಿಕ್ಕಿಗೆ ಹೋಗಬೇಕು, ಎಷ್ಟು ದಿನ ಹಾರಬೇಕು, ಎರಡೂ ಹುಟ್ಟುವಾಗ ಅದರ ಮೈಯಾಗ ಇರತಾವ. ಹಗಲು ಸೂರ್ಯನ್ನ ನೋಡತಾವ, ರಾತ್ರಿ ಚಿಕ್ಕಿ ನೋಡತಾವ, ಭೂಮಿಯ ಅಯಸ್ಕಾಂತ ಸೈತ ಅವಕ್ಕ ತಿಳೀತೈತಿ." ಅವರು ತಲೆ ಅಲ್ಲಾಡಿಸಿದ್ದು ನೋಡಿ ಮತ್ತಷ್ಟು ರೇಗಿ, ಹಾಲೆಂಡಿನ ಕತೆ ಹೇಳಿದೆ. ಅಲ್ಲಿ ಬಹಳ ವರ್ಷಗಳ ಹಿಂದೆ, ವಲಸೆ ಹೊರಟಿದ್ದ ಗೊರವಂಕದ ಜಾತಿಯ ಸಾವಿರಾರು ಹಕ್ಕಿಗಳನ್ನು ಹಿಡಿದು, ವಿಮಾನದಲ್ಲಿ ಒಯ್ದು ಸ್ವಿಟ್ಜರ್ಲೆಂಡಿನಲ್ಲಿ ಬಿಟ್ಟರು. ಮೊದಲು ಒಮ್ಮೆ ದಾರಿ ಕಂಡಿದ್ದ ದೊಡ್ಡ ಹಕ್ಕಿಗಳು ದಿಕ್ಕು ತಿದ್ದಿಕೊಂಡು ತಮ್ಮ ಜಾಗದತ್ತ ಹೋದವು. ಮೊದಲ ಸಲ ಹೊರಟಿದ್ದ ಎಳೆಯ ಹಕ್ಕಿಗಳು ಮೈಯಲ್ಲಿದ್ದ ಲೆಕ್ಕದಂತೆ ಅದೇ ದಿಕ್ಕಿಗೆ, ಅಷ್ಟೇ ದೂರ ಹಾರಿ, ಸ್ಪೇನ್ ಎಂಬ ಬೇರೆಯೇ ದೇಶದಲ್ಲಿ ಇಳಿದವು.

ಹೇಳಿ ಮುಗಿಸಿದ ಮೇಲೆ ನನಗೆ ಹೊಳೆಯಿತು. ಮುನ್ನೂರು, ಎಡಕ್ಕೆ ನೂರಿಪ್ಪತ್ತು, ಬಲಗಡೆ ಮೂರನೆಯದು. ಅವರಿಗೆ ನನಗಿಂತ ಮುಂಚೆಯೇ ಹೊಳೆದಿತ್ತು.

"ಹಂಗಾದ್ರ ಅರವತ್ತು ದಾಟಿದ ಮ್ಯಾಲ ನಾ ಎಳಿ ಹಕ್ಕಿ ಆದ್ನಲ್ರಿ ಮಾಸ್ತರ," ಎಂದರು. ಆಮೇಲೆ ಜಾಲಿಕಂಟಿಯ ಕಡೆ ನೋಡಿ, "ಆ ತಪ್ಪಿದ ಹಕ್ಕಿ ಮುಂದ ಏನಾದ್ವು? ಮರುವರ್ಷ ಎಲ್ಲಿಗೆ ಹ್ವಾದ್ವು?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಪುಸ್ತಕ ನೋಡಿ ಹೇಳುತ್ತೇನೆ ಎಂದೆ. ಮೇಷ್ಟ್ರುಗಳು ಹೀಗೆ ಹೇಳಿದರೆ ಏನರ್ಥ ಎಂಬುದು ಎಲ್ಲರಿಗೂ ಗೊತ್ತು.

ಆವತ್ತು ಅವರು ಎದ್ದು ಹೋಗುವಾಗ ಒಂದು ಮಾತು ಹೇಳಿದರು. "ಈ ಮರಿ ಯಾರೂ ತೋರಿಸದ ಹ್ವಾದ್ರ, ನಾನೂ ಒಬ್ಬಾಂವ ಊರ ಅಡ್ಡಾಡಿ ಬರ್ತೇನಿ. ಈ ಚೀಟಿ ಕಿತ್ತ ಹಾಕಿ."

ಅಂದಿನಿಂದ ನನ್ನ ನೆಮ್ಮದಿ ಹಾಳಾಯಿತು. ಆ ಓಣಿಯಲ್ಲಿ ಒಂದು ಗಂಡುಬೆಕ್ಕಿತ್ತು. ಅದು ಮರಿಯನ್ನು ತಿಂದರೆ ಹನಮಂತಪ್ಪನವರ ಧೈರ್ಯವನ್ನೂ ತಿಂದಂತೆಯೇ. ಬೆಳಿಗ್ಗೆ ಎದ್ದರೆ ಮುರಿದ ಕೊಡೆ ಹಿಡಿದು ಜಾಲಿಕಂಟಿಯ ಪಹರೆ, ಶಾಲೆಯಿಂದ ಬಂದರೆ ಮತ್ತೆ ಪಹರೆ. "ಸಾಲಿ ಹುಡುಗ್ರ ಮ್ಯಾಲೆ ಇಷ್ಟ ಕಾಳಜಿ ಮಾಡಿದ್ರ ಎಲ್ಲಾರೂ ಪಾಸ್ ಆಗ್ತಿದ್ರು," ಎಂದಳು ಮಹೇಶ್ವರಿ. ಅವಳು ಹೇಳುವುದೆಲ್ಲ ಖರೆಯೇ ಇರುತ್ತದೆ, ಅದಕ್ಕೇ ನನಗೆ ಸೇರುವುದಿಲ್ಲ.

ಮಹಾನವಮಿಯ ವಾರ ಒಂದು ಬೆಳಿಗ್ಗೆ ಮರಿ ಇರಲಿಲ್ಲ. ಸಂಜೆ ಹನಮಂತಪ್ಪನವರು ಕಂಟಿಯ ಕೆಳಗೆ ಮೊಳಕಾಲೂರಿ ಒಂದೊಂದೇ ಕಡ್ಡಿ ಸರಿಸಿ ಹುಡುಕಿದರು. ಕಿತ್ತ ಪುಕ್ಕವಿಲ್ಲ, ರಕ್ತವಿಲ್ಲ. ಮರುದಿನವೂ ಇಲ್ಲ, ಮೂರನೆಯ ದಿನವೂ ಇಲ್ಲ. ಸಾಕಿದವರು ತಂತಿಯ ಮೇಲೆ ಸಾಲಾಗಿ ಕೂತು ಎಂದಿನಂತೆ ಜಗಳವಾಡುತ್ತಿದ್ದರು. "ಹ್ವಾತ್ರಿ!" ಎಂದು ಹನಮಂತಪ್ಪನವರು ಕುಣಿದೇಬಿಟ್ಟರು. ನಾನೂ ಕೊಡೆ ಎತ್ತಿ ಕುಣಿದೆ. ಗೌಂಡಿಗಳಿಗೆ ಆ ಮನೆ ಕಟ್ಟಿದಷ್ಟು ಸಂತೋಷ ಬೇರೆ ಯಾವ ಮನೆ ಕಟ್ಟುವಾಗಲೂ ಸಿಕ್ಕಿರಲಿಕ್ಕಿಲ್ಲ.

ಆದರೆ ಇವರು ಹೊರಡಲಿಲ್ಲ. ನಾಳೆ, ನಾಡಿದ್ದು ಎಂದು ದೀಪಾವಳಿಯೂ ಕಳೆಯಿತು. ಕೇಳಿದರೆ, "ಆ ಮರಿಗೆ ದೇವರು ಮೈಯಾಗ ದಿಕ್ಕ ಕೊಟ್ಟಾನ್ರಿ. ನನಗ ಸುಮಾ ಅಂಗಿ ಕೊಟ್ಟಾಳ," ಎನ್ನುತ್ತಿದ್ದರು. ತುಳಸಿ ಲಗ್ನಕ್ಕೆ ಒಂದೇ ವಾರ ಉಳಿದಿತ್ತು. ಬಸು ಬಜಾರದಿಂದ ಕೀಲಿ ತಂದಿಟ್ಟಿದ್ದಾನೆ ಎಂದು ಸುಮಾ ಪಿಸುಮಾತಿನಲ್ಲಿ ಹೇಳಿ ಕಣ್ಣೊರೆಸಿಕೊಂಡಳು.

ಅದೇ ವಾರ ಇಳಕಲ್ಲಿನಿಂದ ಲಗ್ನಪತ್ರಿಕೆಗಳು ಬಂದವು. ಮಹೇಶ್ವರಿಯ ಅಕ್ಕನ ಮಗಳ ಮದುವೆ. ನನ್ನ ಮಾವ ಈರಪ್ಪನವರು ಬಾಗಲಕೋಟೆಯ ಹಳೇ ಬಳಗ, ಹಳೇ ಗಿರಾಕಿಗಳು ಎಂದು ಇಪ್ಪತ್ತಮೂರು ಪತ್ರಿಕೆ ಕಳಿಸಿದ್ದರು. ಅರಿಷಿಣ ಹಚ್ಚಿದ ಪತ್ರಿಕೆಯನ್ನು ಮನೆಗೆ ಹೋಗಿ ಅಕ್ಷತೆ ಕೊಟ್ಟು ಕೈಯಲ್ಲೇ ಕೊಡಬೇಕು. ಅಂಚೆಯಲ್ಲಿ ಹಾಕಿದರೆ ಕರೆದಂತಲ್ಲ, ಹತ್ತು ವರ್ಷ ಆಡಿಕೊಳ್ಳುತ್ತಾರೆ. ಆದರೆ ಅವುಗಳ ಮೇಲಿದ್ದ ವಿಳಾಸಗಳೆಲ್ಲ ಹಳೇ ಊರಿನವು: 'ಬಾವಿಯ ಎದುರಿಗೆ', 'ಬೇವಿನ ಗಿಡದ ಬಾಜೂ'. ಆ ಬಾವಿ, ಆ ಗಿಡ, ಆ ಮನೆ ಎಲ್ಲ ನೀರಿನ ಪಾಲು. ನಾನು ಒಂದು ಇಡೀ ಭಾನುವಾರ ತಿರುಗಿ ಎರಡು ಪತ್ರಿಕೆ ಕೊಟ್ಟು, ಮೂರು ನಾಯಿಗಳಿಂದ ಓಡಿಸಿಕೊಂಡು ಬಂದು, ಉಳಿದ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದೆ.

ಹನಮಂತಪ್ಪನವರು ಕನ್ನಡಕ ಏರಿಸಿ ಆ ಕಟ್ಟು ಎತ್ತಿಕೊಂಡರು. ಅವರ ಬೆರಳುಗಳನ್ನು ಆವತ್ತು ನೋಡಬೇಕಿತ್ತು. ಪಟಪಟನೆ ಒಂದರ ಹಿಂದೆ ಒಂದು ಜೋಡಿಸುತ್ತ, "ಪಾಂಡಪ್ಪ. ಇಂವ ಮಗಳ ಬಾಜೂಕ ಪ್ಲಾಟ್ ತಗೊಂಡಾನ, ಮಗಳು ನಿಮ್ಮ ಸಾಲಿ ಹಿಂದ. ಇಮಾಮಸಾಬ. ಇವರ ಓಣಿ ಎಲ್ಲಾ ಒಂದ ಕಡೆ ಹ್ವಾದ್ರು, ಅಲ್ಲಿ ಕೇಳಿದ್ರಾತು," ಎಂದು ಹೇಳುತ್ತ ಹೋದರು. ಕೊನೆಯ ಪತ್ರಿಕೆಯ ಹೊತ್ತಿಗೆ ಕೈ ನಿಂತಿತು.

"ಮಾಸ್ತರ, ನಾ ಮೊದಲ ದಿನಾ ಕೆಲಸಕ್ಕ ಹ್ವಾದಾಗ, ದಾರಿ ತೋರಿಸಬೇಕಾದ ಹಿರೇ ಪೋಸ್ಟಮನ್ನಗ ಜ್ವರಾ. ಸಾಹೇಬ್ರು ಚೀಲಾ ಕೊಟ್ಟು ಹೋಗು ಅಂದ್ರು. ನಾ ಹಳ್ಳಿಯಿಂದ ಬಂದಾಂವ. ಒಂದ ಕಾಗದ ಕೊಟ್ಟೆ, ಅವ್ರು ಮುಂದಿನ ಮನಿ ಹೇಳಿದ್ರು. ಅಲ್ಲಿ ಕೊಟ್ಟೆ, ಅವ್ರು ಅದರ ಮುಂದಿಂದ ಹೇಳಿದ್ರು. ಊರ ನನಗ ಯಾರೂ ತೋರಿಸಿದ್ದಿಲ್ರಿ. ಕಾಗದ ತೋರಿಸಿದ್ವು."

ಮಹೇಶ್ವರಿ ಒಳಗಿನಿಂದ ಕತ್ತರಿ ತಂದುಕೊಟ್ಟಳು. ಅವರು ತಾವೇ ಹೊಲಿಗೆ ಬಿಡಿಸಿ ಆ ಬಿಳಿ ತುಂಡನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. "ಯಾರ ಪೈಕಿ ಅಂತ ಕೇಳಿದ್ರ ಏನ ಹೇಳ್ಲಿ?" ಎಂದರು.

"ಮನಿ ಹಿರ್ಯಾರು ಅಂತ ಹೇಳ್ರಿ," ಎಂದಳು ಅವಳು.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತೊಂದು ಪತ್ರಿಕೆ, ಒಂದು ಡಬ್ಬಿ ಅಕ್ಷತೆ ಹೆಗಲಚೀಲದಲ್ಲಿ ಹಾಕಿಕೊಂಡು ಹೊರಟರು. ಮಗನಿಗೆ ಹೇಳಿರಲಿಲ್ಲ. ಸುಮಾ ಮಾತ್ರ, "ಮಾವಾರ, ಆರರೊಳಗ ಬರ್ರಿ, ಅವರು ಬರೂ ಹೊತ್ತು," ಎಂದಳು. ನಾಲ್ಕಾಯಿತು. ನಮ್ಮ ಮನೆಯಲ್ಲಿ ಚಹಾ ಮಾಡಿಟ್ಟು ಆರಿತು. ನಾಲ್ಕೂವರೆಯಾಯಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಕ್ಕಿಯ ಕತೆ ಹೇಳಿ ಮುದುಕರನ್ನು ಹೊರಗೆ ಹಾರಿಬಿಟ್ಟವನು ನಾನೇ. ಚಪ್ಪಲಿ ಮೆಟ್ಟಿ ಹುಡುಕಲು ಹೊರಟೆ.

ಶಾಲೆಯ ಹಿಂದಿನ ಸೆಕ್ಟರು, ಅದರ ಹಿಂದಿನದು, ಅದರ ಬಲಗಡೆಯದು. ಮೋಡ ಕವಿದಿತ್ತು, ಸೂರ್ಯ ಎಲ್ಲಿದ್ದಾನೆಂದು ತಿಳಿಯಲಿಲ್ಲ. ಒಂದೇ ನೀರಿನ ಟಾಕಿಯನ್ನು ಮೂರು ಸಲ ದಾಟಿದೆ, ಅಥವಾ ಮೂರು ಟಾಕಿಗಳಿದ್ದವೋ ಏನೋ. ಕಾಲು ಬಿದ್ದುಹೋದವು. ಕೊನೆಗೆ ನಮ್ಮ ಓಣಿ ಕಂಡಿತು. ನೀಲಿ ಗೇಟು ತೆಗೆದು, ಚಪ್ಪಲಿ ಬಿಟ್ಟು, ಪಡಸಾಲೆಯ ಕುರ್ಚಿಯಲ್ಲಿ ಕುಸಿದು ಕಣ್ಣುಮುಚ್ಚಿ, "ಮಹೇಶ್ವರೀ, ಚಾ!" ಎಂದು ಕೂಗಿದೆ.

"ಮಹೇಶ್ವರಿ ಯಾರ್ರೀ?" ಎಂದಿತು ಒಂದು ಹೆಣ್ಣು ದನಿ.

ಕಣ್ಣು ತೆರೆದೆ. ಬಾಗಿಲಲ್ಲಿ ನಿಂತಾಕೆ ಇಮಾಮಸಾಬರ ಹೆಂಡತಿ ಖೈರುನಬಿ ಎಂದು ಆಮೇಲೆ ತಿಳಿಯಿತು. ಎದುರಿನ ಕುರ್ಚಿಯಲ್ಲಿ ಇಮಾಮಸಾಬರು ಲಗ್ನಪತ್ರಿಕೆ ಹಿಡಿದು ಬೆರಗಾಗಿ ಕೂತಿದ್ದರು. ಅವರ ಪಕ್ಕದಲ್ಲಿ, ಟೋಪಿ ತೊಡೆಯ ಮೇಲಿಟ್ಟುಕೊಂಡು, ಕೈಯಲ್ಲಿ ಚಹಾದ ಬಸಿ ಹಿಡಿದು ಹನಮಂತಪ್ಪನವರು.

"ಬರ್ರಿ ಮಾಸ್ತರ," ಎಂದರು ಅವರು. "ಇದ ಕಡೀ ಪತ್ರಿಕಿ. ಎಲ್ಲಾರೂ ಚಾ ಕುಡಿಸಿದ್ರು, ಅದಕ್ಕ ತಡಾ ಆತು. ನೀವು ಏನು, ದಾರಿ ತಪ್ಪೀತೇನ್ರಿ?"

ಖೈರುನಬಿಯವರು ನನಗೂ ಒಂದು ಕಪ್ಪು ಚಹಾ ತಂದುಕೊಟ್ಟರು. ಕುಡಿದು ಮುಗಿಸುವವರೆಗೆ ನಾನು ತಲೆ ಎತ್ತಲಿಲ್ಲ.

ವಾಪಸು ಬರುವಾಗ ಅವರು ಮುಂದೆ, ನಾನು ಹಿಂದೆ. ಅವರು ಒಂದು ನಂಬರನ್ನೂ ನೋಡಲಿಲ್ಲ, ಒಂದು ಹೆಜ್ಜೆಯನ್ನೂ ಎಣಿಸಲಿಲ್ಲ. ಇದು ಪಾಂಡಪ್ಪನ ಮನೆ, ಇಲ್ಲಿ ಎಡಕ್ಕೆ. ಇದು ಸಣ್ಣ ಸಂಗವ್ವನ ಮೊಮ್ಮಗಳ ಮನೆ, ಇಲ್ಲಿ ನೆಟ್ಟಗೆ. ಗೇಟುಗೇಟಿಗೂ ಯಾರೋ ಕೈಯೆತ್ತಿ ಮಾತಾಡಿಸುತ್ತಿದ್ದರು. ಆರು ಬಡಿಯುವ ಮುಂಚೆ ಅವರ ಮನೆಯ ಮುಂದೆ ಇದ್ದೆವು. ಗೇಟಿನಲ್ಲಿ ಬಸು ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ, ಕೈಯಲ್ಲಿ ಕೀಲಿ ಇತ್ತು.

"ಅಪ್ಪಾ! ಎಲ್ಲಿ ಹೋಗಿದ್ದಿ?"

"ಮಾಸ್ತರು ದಾರಿ ತಪ್ಪಿದ್ರಪಾ. ಮನೀತನಕ ಮುಟ್ಟಿಸಬೇಕು," ಎಂದರು ಹನಮಂತಪ್ಪನವರು. ಜೇಬಿನಿಂದ ಆ ಬಿಳಿ ತುಂಡು ತೆಗೆದು ಸೊಸೆಯ ಕೈಗಿಟ್ಟರು. "ಸುಮಾ, ಹೆಸರು ಅಳಿಸಿ ಇದನ್ನ ಇವರ ಅಂಗಿಗೆ ಹಚ್ಚವಾ."

ಬಸು ನನ್ನ ಮುಖ ನೋಡಿದ. ಹೌದೆಂದು ತಲೆಯಾಡಿಸದೆ ನನಗೆ ಬೇರೆ ದಾರಿಯಿರಲಿಲ್ಲ. ಅವನು ಮೊದಲು ನಕ್ಕ, ನಗುತ್ತಲೇ ಅಪ್ಪನ ಹೆಗಲಚೀಲ ಇಳಿಸಿಕೊಂಡ, ಆಮೇಲೆ ಆ ಚೀಲವನ್ನೇ ಮುಖಕ್ಕೆ ಒತ್ತಿಕೊಂಡು ಅತ್ತ. ಕೀಲಿ ಗೇಟಿಗೆ ಬೀಳಲಿಲ್ಲ. ಈಗ ಅದು ಹನಮಂತಪ್ಪನವರ ಸೈಕಲ್ಲಿಗಿದೆ.

ಸೋಮವಾರ ನಾಲ್ಕು ಗಂಟೆಗೆ ನಾನು ಶಾಲೆಯ ಕಪಾಟಿನಿಂದ ಹುಡುಕಿ ತಂದ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಕೂತಿದ್ದೆ. ಗೇಟು ಸದ್ದಾಯಿತು. ಹನಮಂತಪ್ಪನವರು ಒಬ್ಬರೇ ಬಂದು ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇವತ್ತೂ ತಪ್ಪೀತೇನ್ರಿ?" ಎಂದೆ.

"ಇಲ್ರಿ. ನನ್ನ ಮನಿ ಎರಡು ಸಾಲು ಹಿಂದ ಐತಿ, ಮುಂದ ಬಾಡಿದ ನಿಂಬಿ ಸಸಿ. ನೋಡಕೊಂಡ ಬಂದೇನಿ."

ನಾನು ಪುಸ್ತಕ ಬಿಚ್ಚಿದೆ. "ನೀವು ಕೇಳಿದ್ರಲ್ಲ, ಆ ತಪ್ಪಿದ ಎಳೀ ಹಕ್ಕಿ ಮುಂದ ಏನಾದ್ವು ಅಂತ? ಬ್ಯಾಸಗಿಗೆ ತಮ್ಮ ಊರು ಹುಡುಕಿಕೊಂಡು ಬಂದ್ವಂತ. ಆದ್ರ ಮುಂದಿನ ಚಳಿಗಾಲಕ್ಕ ಮತ್ತ ಆ ತಪ್ಪಿ ಇಳಿದಿದ್ದ ದೇಶಕ್ಕ ಹ್ವಾದ್ವಂತ. ಬೇಕಂತನ."

ಅವರು ಕನ್ನಡಕ ಏರಿಸಿ ಪುಸ್ತಕದ ಹಾಳೆಯ ಮೇಲೆ ಬಾಗಿದರು. "ಯಾಕಂತ ಬರದಾರೇನು?"

"ಅದನ್ನ ಬರದಿಲ್ಲ."

"ಬರಕೋರಿ ಹಂಗಾರ, ನಾ ಹೇಳ್ತೇನಿ," ಎಂದರು. ಹೇಳುವ ಮುಂಚೆ ಒಳಗಿನ ಕಡೆ ತಿರುಗಿ ಕೂಗಿದರು: "ಮಹೇಶ್ವರೀ, ಚಾ ಮಾಡವಾ. ಸಕ್ಕರಿ ಸ್ವಲ್ಪ ಕಮ್ಮಿ ಹಾಕು."